ಎರಡು ನಿಮಿಷದ ಓಟ, ದಿನವಿಡೀ ಊಟ: ಕೆಂಟಕಿ ಡರ್ಬಿಯ ಔತಣದಲ್ಲಿ ಏನಿರುತ್ತದೆ, ಏಕಿರುತ್ತದೆ

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಮೇ ತಿಂಗಳ ಮೊದಲ ಶನಿವಾರ ನಡೆಯುವ ಕೆಂಟಕಿ ಡರ್ಬಿ, ಮೂರು ವರ್ಷದ ಕುದುರೆಗಳಿಗಾಗಿ ಇಟ್ಟಿರುವ ಓಟ. ಅದರ ದೂರ ಹತ್ತು ಫರ್ಲಾಂಗ್, ಅಂದರೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಈ ದೂರವನ್ನು 1 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿ ಬರೆದ ದಾಖಲೆಯನ್ನು ಇಂದಿಗೂ ಯಾವ ಕುದುರೆಯೂ ಮುರಿದಿಲ್ಲ. ಹೀಗೆ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುವ ಓಟವನ್ನು ನೋಡಲು ಅಮೆರಿಕದ ದಕ್ಷಿಣ ರಾಜ್ಯಗಳ ಸಾವಿರಾರು ಮನೆಗಳಲ್ಲಿ ಮಧ್ಯಾಹ್ನದಿಂದಲೇ ನೆಂಟರಿಷ್ಟರು ಸೇರುತ್ತಾರೆ. ಚರ್ಚಿಲ್ ಡೌನ್ಸ್ ಮೈದಾನದಲ್ಲಿ ಆ ದಿನ ಬೆಳಿಗ್ಗೆಯಿಂದಲೇ ಒಂದಾದ ಮೇಲೊಂದು ಬೇರೆ ಓಟಗಳು ನಡೆಯುತ್ತಿರುತ್ತವೆ. ಡರ್ಬಿಯ ಸರದಿ ಬರುವುದು ಸಂಜೆ ಏಳರ ಹೊತ್ತಿಗೆ. ಬಂದವರು ಐದಾರು ಗಂಟೆ ಕಾಲ ಮಾತನಾಡುತ್ತ, ಓಡಾಡುತ್ತ, ಟೋಪಿಗಳ ಚಂದ ನೋಡುತ್ತ, ಕುದುರೆಗಳ ಲೆಕ್ಕಾಚಾರ ಹಾಕುತ್ತ ಕಾಯುತ್ತಾರೆ. ಡರ್ಬಿಯ ಊಟದ ಸ್ವರೂಪವನ್ನು ನಿರ್ಧರಿಸಿರುವುದು ಈ ಕಾಯುವಿಕೆಯೇ. ಕೂತು ಉಣ್ಣುವ ಪಂಕ್ತಿಗೆ ಇಲ್ಲಿ ಜಾಗವಿಲ್ಲ. ಕೈಯಲ್ಲಿ ಹಿಡಿದು ತಿನ್ನಬಹುದಾದ, ಆರಿದರೂ ರುಚಿ ಕೆಡದ, ಹಿಂದಿನ ದಿನವೇ ಮಾಡಿಡಬಹುದಾದ ತಿನಿಸುಗಳೇ ಮೇಜನ್ನು ತುಂಬುತ್ತವೆ.

ಕಾಲದಷ್ಟೇ ನೆಲವೂ ಈ ಊಟವನ್ನು ರೂಪಿಸಿದೆ. ಕೆಂಟಕಿಯ ನಡುಭಾಗವಾದ ಬ್ಲೂಗ್ರಾಸ್ ಪ್ರದೇಶದ ಅಡಿಯಲ್ಲಿರುವುದು ಸುಣ್ಣಕಲ್ಲಿನ ಹಾಸು. ಅದರ ಮೂಲಕ ಇಳಿದು ಬರುವ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಕಬ್ಬಿಣ ತೀರಾ ಕಡಿಮೆ. ಆ ಮಣ್ಣಿನ ಹುಲ್ಲು ಮೇದ ಮರಿಗಳ ಮೂಳೆ ಗಟ್ಟಿಯಾಗುತ್ತದೆಂಬುದು ಅಲ್ಲಿನ ಕುದುರೆ ಸಾಕಣೆದಾರರ ದೃಢ ನಂಬಿಕೆ. ಅದೇ ನೀರು ವಿಸ್ಕಿ ಭಟ್ಟಿ ಇಳಿಸುವವರಿಗೂ ಬೇಕಾಯಿತು, ಏಕೆಂದರೆ ಕಬ್ಬಿಣದ ಅಂಶವಿರುವ ನೀರು ವಿಸ್ಕಿಯ ಬಣ್ಣವನ್ನು ಕಪ್ಪಾಗಿಸಿ ರುಚಿಯನ್ನೂ ಕೆಡಿಸುತ್ತದೆ. ಜೊತೆಗೆ ಆ ನೆಲದಲ್ಲಿ ಮೆಕ್ಕೆಜೋಳ ಹುಲುಸಾಗಿ ಬೆಳೆಯುತ್ತಿತ್ತು. ಅದನ್ನು ಗಾಡಿಯಲ್ಲಿ ಹೇರಿಕೊಂಡು ಬೆಟ್ಟ ದಾಟಿಸುವುದಕ್ಕಿಂತ ಭಟ್ಟಿ ಇಳಿಸಿ ಪೀಪಾಯಿಯಲ್ಲಿ ಸಾಗಿಸುವುದು ರೈತರಿಗೆ ಲಾಭಕರವಾಗಿತ್ತು. ಕುದುರೆ ಮತ್ತು ಬರ್ಬನ್ ವಿಸ್ಕಿ ಕೆಂಟಕಿಯಲ್ಲಿ ಜೊತೆಜೊತೆಯಾಗಿ ಬೆಳೆದದ್ದಕ್ಕೆ ಕಾರಣ ಇದು.

ಬರ್ಬನ್ ಎಂದು ಕರೆಸಿಕೊಳ್ಳಲು ಕಾನೂನಿನ ಕಟ್ಟುಪಾಡುಗಳಿವೆ. ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳವಿರಬೇಕು; ಒಳಮೈಯನ್ನು ಸುಟ್ಟು ಕರಿಕಾಗಿಸಿದ ಹೊಸ ಓಕ್ ಮರದ ಪೀಪಾಯಿಯಲ್ಲೇ ಅದನ್ನು ಇಡಬೇಕು; ಪೀಪಾಯಿಗೆ ತುಂಬುವಾಗ ಮದ್ಯಸಾರದ ಪ್ರಮಾಣ ಶೇ. 62.5 ಮೀರಬಾರದು, ಸೀಸೆಗೆ ತುಂಬುವಾಗ ಶೇ. 40ಕ್ಕಿಂತ ಕಡಿಮೆ ಇರಬಾರದು. ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಬೆರೆಸುವಂತಿಲ್ಲ. 1964ರಲ್ಲಿ ಅಮೆರಿಕದ ಸಂಸತ್ತು ಬರ್ಬನ್ನನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ಸಾರಿತು. ಸುಟ್ಟ ಓಕ್ ಮರದಿಂದ ಇಳಿದು ಬರುವ ವೆನಿಲಾ ಮತ್ತು ಕ್ಯಾರಮೆಲ್ ವಾಸನೆ, ಮೆಕ್ಕೆಜೋಳದ ಸಿಹಿ ಇವೆರಡೂ ಮುಂದೆ ಹೇಳಲಿರುವ ಪಾನೀಯದಲ್ಲೂ ಸಿಹಿತಿಂಡಿಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಿಂದ ಇಷ್ಟನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಆ ಪಾನೀಯವೇ ಮಿಂಟ್ ಜೂಲೆಪ್. ಬರ್ಬನ್, ಸಕ್ಕರೆ, ಪುದೀನ, ಪುಡಿ ಮಾಡಿದ ಮಂಜುಗಡ್ಡೆ ಇವು ನಾಲ್ಕನ್ನು ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ಇದು ಹುಟ್ಟಿದ್ದು ಕೆಂಟಕಿಯಲ್ಲಲ್ಲ, ಅದರ ಪೂರ್ವಕ್ಕಿರುವ ವರ್ಜೀನಿಯಾದಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ತೋಟದ ಮಾಲೀಕರು ಬೆಳಗಿನ ಹೊತ್ತು ಪುದೀನ ನೆನೆಸಿದ ಮದ್ಯ ಕುಡಿಯುತ್ತಿದ್ದುದನ್ನು ಪ್ರವಾಸಿಗರು ದಾಖಲಿಸಿದ್ದಾರೆ. ಬೇಸಿಗೆಯಲ್ಲಿ ಮಂಜುಗಡ್ಡೆ ಸಿಗತೊಡಗಿದ ಮೇಲೆ ಅದು ಈಗಿನ ರೂಪ ಪಡೆಯಿತು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಉತ್ತರದ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಮಂಜನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗುಗಳಲ್ಲಿ ದಕ್ಷಿಣದ ಬಂದರುಗಳಿಗೆ ಕಳುಹಿಸುವ ವ್ಯಾಪಾರವನ್ನು ಕಟ್ಟಿದ. ಆತನ ಮಂಜುಗಡ್ಡೆ 1833ರಲ್ಲಿ ಕಲ್ಕತ್ತೆಗೂ ಬಂತು; ಚೆನ್ನೈನ ಸಮುದ್ರತೀರದಲ್ಲಿ ಇಂದಿಗೂ ನಿಂತಿರುವ ಐಸ್ ಹೌಸ್ ಕಟ್ಟಡ ಅದೇ ವ್ಯಾಪಾರದ ಗುರುತು. ಇಷ್ಟು ದುಬಾರಿಯಾದ ಮಂಜನ್ನು ಪುಡಿ ಮಾಡಿ ಬೆಳ್ಳಿಯ ಲೋಟದಲ್ಲಿ ಶಿಖರದಂತೆ ಪೇರಿಸುವುದು ಆಗ ಸಿರಿವಂತಿಕೆಯ ಪ್ರದರ್ಶನವಾಗಿತ್ತು.

ಆ ಸಿರಿವಂತಿಕೆಯ ಹಿಂದಿದ್ದ ಕೈಗಳು ಬಹುಪಾಲು ಗುಲಾಮಗಿರಿಯಲ್ಲಿದ್ದ ಕಪ್ಪು ಜನರವು. ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ಜೂಲೆಪ್ ತಯಾರಿಕೆಗೆ ಎಲ್ಲರಿಗಿಂತ ಹೆಸರಾಗಿದ್ದ ಜಾನ್ ಡಾಬ್ನಿ ಗುಲಾಮರಾಗಿ ಹುಟ್ಟಿದವರು. ದುಡಿಮೆಯ ಸಂಬಳ ಒಡತಿಗೆ ಸೇರುತ್ತಿದ್ದ ಕಾಲದಲ್ಲಿ ತಮ್ಮ ಪಾಲಿಗೆ ಉಳಿದ ಹಣವನ್ನು ಕೂಡಿಸಿಟ್ಟು ಅವರು ಹೆಂಡತಿಯನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡರು. ಲೂಯಿವಿಲ್‌ನಲ್ಲೇ ಹುಟ್ಟಿದ ಟಾಮ್ ಬುಲಕ್ 1917ರಲ್ಲಿ ಪಾನೀಯಗಳ ಕುರಿತ ಪುಸ್ತಕ ಪ್ರಕಟಿಸಿದರು. ಅಂಥದೊಂದು ಪುಸ್ತಕ ತಂದ ಮೊದಲ ಆಫ್ರಿಕನ್-ಅಮೆರಿಕನ್ ಎಂದು ಅವರನ್ನು ಗುರುತಿಸಲಾಗುತ್ತದೆ. ಜೂಲೆಪ್ ಬಗ್ಗೆ ಬರೆಯುವವರು ಈ ಹೆಸರುಗಳನ್ನು ಬಿಟ್ಟು ಬಿಳಿಯ ಕಂಬಗಳ ಬಂಗಲೆಗಳನ್ನಷ್ಟೇ ವರ್ಣಿಸುವುದು ಅನ್ಯಾಯವೆಂದು ನಾನು ತಿಳಿಯುತ್ತೇನೆ.

ಜೂಲೆಪ್ ಮಾಡುವ ಕ್ರಮದಲ್ಲಿ ಪ್ರತಿ ಹೆಜ್ಜೆಗೂ ಕಾರಣವಿದೆ. ಒಂದು ಲೋಟಕ್ಕೆ 60 ಮಿಲಿಲೀಟರ್ ಬರ್ಬನ್, 15 ಮಿಲಿಲೀಟರ್ ಸಕ್ಕರೆ ಪಾಕ, ಎಂಟು ಹತ್ತು ಪುದೀನ ಎಲೆ ಸಾಕು. ಪಾಕವೆಂದರೆ ಸಮಪ್ರಮಾಣದ ಸಕ್ಕರೆ ಮತ್ತು ನೀರನ್ನು ಸಕ್ಕರೆ ಕರಗುವವರೆಗೆ ಮಾತ್ರ ಕಾಯಿಸಿದ್ದು. ಎಳೆ ಪಾಕ ಬರುವ ತನಕ ಕಾಯಿಸಬಾರದು. ಎಲೆ ಮತ್ತು ಪಾಕವನ್ನು ಲೋಟದ ತಳಕ್ಕೆ ಹಾಕಿ ಮರದ ಕಡ್ಡಿಯಿಂದ ಮೆಲ್ಲನೆ ಒತ್ತಬೇಕು. ಪುದೀನದ ಪರಿಮಳದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲೇ ಇರುವುದರಿಂದ ಅಷ್ಟು ಒತ್ತಿದರೆ ಹೊರಬರುತ್ತದೆ. ಚಟ್ನಿಗೆ ಅರೆಯುವಂತೆ ಜಜ್ಜಿದರೆ ಎಲೆಯೊಳಗಿನ ಹಸಿರು ಕಹಿಯೂ ಇಳಿಯುತ್ತದೆ. ಆ ಮೇಲೆ ಬರ್ಬನ್ ಸುರಿದು, ಲೋಟದ ಅಂಚಿನವರೆಗೆ ಪುಡಿ ಮಂಜು ತುಂಬಿ, ಲೋಟದ ಹೊರಮೈ ಬೆಳ್ಳಗಾಗುವವರೆಗೆ ಕಲಕಬೇಕು. ಮಂಜಿಗೆ ಮದ್ಯಸಾರ ಬೆರೆತಾಗ ಮಿಶ್ರಣದ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದರಿಂದ ಗಾಳಿಯ ತೇವ ಲೋಹದ ಮೇಲೆ ಹಿಮವಾಗಿ ಕೂರುತ್ತದೆ. ಬೆಳ್ಳಿ ಶಾಖವನ್ನು ಬೇಗ ದಾಟಿಸುವ ಕಾರಣ ಈ ಹಿಮ ಅದರ ಮೇಲೆ ಚೆನ್ನಾಗಿ ಮೂಡುತ್ತದೆ, ಆದರೆ ತೆಳುವಾದ ಸ್ಟೀಲ್ ಲೋಟವೂ ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಲೋಟವನ್ನು ಅಂಚಿನಲ್ಲೋ ತಳದಲ್ಲೋ ಹಿಡಿಯಬೇಕು, ನಡುವೆ ಹಿಡಿದರೆ ಅಂಗೈಯ ಕಾವಿಗೆ ಹಿಮ ಕರಗುತ್ತದೆ. ಕೊನೆಗೆ ಮತ್ತಷ್ಟು ಮಂಜು ಪೇರಿಸಿ, ಪುದೀನದ ದೊಡ್ಡ ಕುಡಿಯನ್ನು ಅಂಗೈಗೆ ಒಮ್ಮೆ ಬಡಿದು ಸಿಕ್ಕಿಸಿ, ಅದರ ಪಕ್ಕದಲ್ಲೇ ಚಿಕ್ಕ ಕೊಳವೆ ಇಡುವುದು ಪದ್ಧತಿ. ಕುಡಿಯುವವರ ಮೂಗು ಪುದೀನಕ್ಕೆ ತಾಗುವಷ್ಟು ಹತ್ತಿರ ಬಂದಾಗಲೇ ಪಾನೀಯದ ಪೂರ್ಣ ಸ್ವಾದ ಸಿಗುವುದು.

ಮಂಜನ್ನು ಪುಡಿ ಮಾಡಲು ಯಂತ್ರ ಬೇಕಿಲ್ಲ. ದಪ್ಪ ಹತ್ತಿ ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಬಡಿದರೆ ಕರಗಿದ ನೀರನ್ನು ಬಟ್ಟೆ ಹೀರಿಕೊಂಡು ಪುಡಿ ಒಣಗಿದಂತಿರುತ್ತದೆ. ಜನ ಹೆಚ್ಚಿದ್ದರೆ ಹಿಂದಿನ ದಿನವೇ ಬಿಸಿ ಪಾಕದಲ್ಲಿ ಪುದೀನ ನೆನೆಸಿ, ಸೋಸಿ, ತಂಪುಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು ಅನುಕೂಲ. ಚರ್ಚಿಲ್ ಡೌನ್ಸ್ ಕೊಡುವ ಲೆಕ್ಕದ ಪ್ರಕಾರ ಡರ್ಬಿ ಮತ್ತು ಅದರ ಹಿಂದಿನ ದಿನದ ಓಕ್ಸ್ ಓಟ ಸೇರಿ ಎರಡು ದಿನಗಳಲ್ಲಿ ಸುಮಾರು 1,20,000 ಜೂಲೆಪ್‌ಗಳು ಖರ್ಚಾಗುತ್ತವೆ, ಅವಕ್ಕೆ ಸುಮಾರು 450 ಕಿಲೋ ಪುದೀನ ಬೇಕಾಗುತ್ತದೆ. ಅಷ್ಟು ಲೋಟಗಳನ್ನು ಒಂದೊಂದಾಗಿ ಮಾಡಲಾಗದೆ ಅಲ್ಲಿ ಮೊದಲೇ ಬೆರೆಸಿ ಸೀಸೆಗೆ ತುಂಬಿದ ಜೂಲೆಪ್ಪನ್ನು ಸುರಿಯುತ್ತಾರೆ. ಹಾಗಾಗಿ ಮನೆಯಲ್ಲಿ ಶ್ರದ್ಧೆಯಿಂದ ಮಾಡಿದ ಲೋಟ ಮೈದಾನದ ಲೋಟಕ್ಕಿಂತ ಉತ್ತಮವಾಗಿರುವುದು ಸಹಜ. ಒಂದು ಎಚ್ಚರಿಕೆ ಅಗತ್ಯ: ಸಿಹಿ ಮತ್ತು ತಂಪಿನ ಮರೆಯಲ್ಲಿ ಗಮನಕ್ಕೆ ಬಾರದಿದ್ದರೂ ಜೂಲೆಪ್ ಬಹುಮಟ್ಟಿಗೆ ಬರಿಯ ವಿಸ್ಕಿಯೇ. ದಿನವಿಡೀ ನಡೆಯುವ ಕೂಟದಲ್ಲಿ ಅದೊಂದನ್ನೇ ಇಡುವುದು ಸರಿಯಲ್ಲ. ಮದ್ಯ ಬೇಡದವರಿಗೆ ಅದೇ ಪುದೀನ ಪಾಕಕ್ಕೆ ನಿಂಬೆರಸ, ಶುಂಠಿಯ ಸೋಡಾ ಬೆರೆಸಿ ಅದೇ ಬಗೆಯ ಲೋಟದಲ್ಲಿ, ಅಷ್ಟೇ ಮಂಜು ಪೇರಿಸಿ ಕೊಡಬೇಕು. ದಕ್ಷಿಣದ ಮನೆಗಳಲ್ಲಿ ಇದರ ಜೊತೆಗೆ ಬಿಸಿಯಾಗಿರುವಾಗಲೇ ಸಕ್ಕರೆ ಕರಗಿಸಿ ತಣ್ಣಗಾಗಿಸಿದ ಕಪ್ಪು ಚಹಾ ತಪ್ಪದೆ ಇರುತ್ತದೆ.

ಇನ್ನು ತಿನಿಸುಗಳಿಗೆ ಬಂದರೆ, ಲೂಯಿವಿಲ್‌ನ ಮೇಜಿನ ಮೇಲೆ ಮೊದಲು ಖಾಲಿಯಾಗುವುದು ಬಹುಶಃ ಬೆನೆಡಿಕ್ಟೀನ್ ಸ್ಯಾಂಡ್‌ವಿಚ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನಗರದಲ್ಲಿ ಔತಣಗಳ ಅಡುಗೆ ವಹಿಸಿಕೊಳ್ಳುತ್ತಿದ್ದ, ಚಹಾದಂಗಡಿಯನ್ನೂ ನಡೆಸುತ್ತಿದ್ದ ಜೆನಿ ಬೆನೆಡಿಕ್ಟ್ ಎಂಬ ಮಹಿಳೆ ಇದನ್ನು ರೂಪಿಸಿದರು. ಕ್ರೀಮ್ ಚೀಸ್, ಸೌತೆಕಾಯಿ, ಈರುಳ್ಳಿಯ ರಸ, ಉಪ್ಪು, ಚಿಟಿಕೆ ಮೆಣಸಿನ ಪುಡಿ ಇಷ್ಟೇ ಅದರ ಸಾಮಗ್ರಿ. ಸುಮಾರು 225 ಗ್ರಾಂ ಚೀಸ್‌ಗೆ ಮಧ್ಯಮ ಗಾತ್ರದ ಒಂದು ಸೌತೆಕಾಯಿ ಸಾಕು. ತುರಿದ ಸೌತೆಕಾಯಿಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ಸೌತೆಕಾಯಿಯ ಹೆಚ್ಚಿನ ಭಾಗ ನೀರೇ ಆಗಿದ್ದು, ಹಿಂಡದಿದ್ದರೆ ಗಂಟೆಯೊಳಗೆ ಬ್ರೆಡ್ ಒದ್ದೆಯಾಗುತ್ತದೆ. ಹಿಂಡಿದ ರಸದಲ್ಲಿ ಒಂದೆರಡು ಚಮಚವನ್ನು ಮತ್ತೆ ಬೆರೆಸಿದರೆ ಪರಿಮಳ ಉಳಿಯುತ್ತದೆ. ಚೆಡ್ಡರ್ ಚೀಸ್, ಮಯನೇಸ್ ಮತ್ತು ಸಿಹಿ ಕೆಂಪು ಮೆಣಸಿನಕಾಯಿ ಬೆರೆಸಿದ ಪಿಮೆಂಟೊ ಚೀಸ್, ಸಾಸಿವೆ ಬೆರೆಸಿದ ಹಳದಿಯನ್ನು ಮತ್ತೆ ತುಂಬಿದ ಬೇಯಿಸಿದ ಮೊಟ್ಟೆ ಇವೂ ಅದೇ ಸಾಲಿನವು. ಮೇ ತಿಂಗಳ ಬಿಸಿಯಲ್ಲಿ ಇವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. 32 ಡಿಗ್ರಿ ದಾಟಿದ ಸೆಕೆಯಲ್ಲಾದರೆ ಒಂದು ಗಂಟೆಯೇ ಮಿತಿ. ಚಿಕ್ಕ ತಟ್ಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರತರುವುದು ಜಾಣತನ.

ಮಾಂಸಾಹಾರಿಗಳ ಪಾಲಿಗೆ ಡರ್ಬಿಯ ಗುರುತೇ ಕಂಟ್ರಿ ಹ್ಯಾಮ್. ಹಂದಿಯ ತೊಡೆಗೆ ಉಪ್ಪು ಸಕ್ಕರೆ ತಿಕ್ಕಿ, ವಾರಗಟ್ಟಲೆ ಬಿಟ್ಟು, ಹಲವೆಡೆ ಹೊಗೆಗೂ ಹಿಡಿದು, ತಿಂಗಳುಗಟ್ಟಲೆ ತೂಗುಹಾಕಿ ಮಾಗಿಸಿದ ಈ ಮಾಂಸ ಬಹಳ ಉಪ್ಪಾಗಿರುತ್ತದೆ. ಕಾಗದದಷ್ಟು ತೆಳುವಾಗಿ ಕೊಯ್ದು ಚಿಕ್ಕ ಬಿಸ್ಕಿಟ್ಟಿನ ನಡುವೆ ಇಡುವುದು ಆ ಕಾರಣಕ್ಕೆ. ಅಲ್ಲಿನ ಬಿಸ್ಕಿಟ್ ನಾವು ಚಹಾಕ್ಕೆ ಅದ್ದಿಕೊಳ್ಳುವಂಥದ್ದಲ್ಲ. ಬೆಣ್ಣೆ ಮತ್ತು ಮಜ್ಜಿಗೆ ಹಾಕಿ ಬೇಯಿಸಿದ, ಪದರಪದರವಾಗಿ ಬಿಡುವ ಮೆತ್ತನೆಯ ಉಪ್ಪು ರೊಟ್ಟಿ. ಬೇಕಿಂಗ್ ಪೌಡರ್ ಬರುವ ಮುಂಚೆ ಹಿಟ್ಟು ಹಗುರಾಗಲು ಅದನ್ನು ಅರ್ಧ ಗಂಟೆಗೂ ಮೀರಿ ಮರದ ಕೊಡತಿಯಿಂದ ಬಡಿಯುತ್ತಿದ್ದರು. ಆ ಶ್ರಮವೂ ಗುಲಾಮಗಿರಿಯ ಕಾಲದಲ್ಲಿ ಅಡುಗೆಮನೆಯ ಕಪ್ಪು ಹೆಂಗಸರ ಪಾಲಿಗೆ ಬರುತ್ತಿತ್ತು.

ಬರ್ಗೂ ಎಂಬ ಗಟ್ಟಿ ಸಾರು ಮನೆಯ ಒಲೆಗಿಂತ ದೊಡ್ಡ ಕಡಾಯಿಗೆ ಸೇರಿದ್ದು. ಒಂದು ಕಾಲಕ್ಕೆ ಅಳಿಲು, ಜಿಂಕೆ ಮುಂತಾದ ಬೇಟೆಯ ಮಾಂಸ ಬೀಳುತ್ತಿದ್ದ ಈ ಕಡಾಯಿಗೆ ಈಗ ಕೋಳಿ, ಹಂದಿ, ದನದ ಮಾಂಸವೂ, ಪಶ್ಚಿಮ ಕೆಂಟಕಿಯಲ್ಲಿ ಕುರಿಯ ಮಾಂಸವೂ ಬೀಳುತ್ತವೆ. ಜೊತೆಗೆ ಟೊಮೆಟೊ, ಆಲೂಗೆಡ್ಡೆ, ಮೆಕ್ಕೆಜೋಳ, ಬೆಂಡೆಕಾಯಿ ಮತ್ತು ಬೆಂಗಳೂರಿನ ತರಕಾರಿ ಅಂಗಡಿಗಳಲ್ಲಿ ಡಬಲ್ ಬೀನ್ಸ್ ಎಂಬ ಹೆಸರಿನಲ್ಲಿ ಸಿಗುವ ಕಾಳು. ಆಫ್ರಿಕದಿಂದ ಆ ನೆಲಕ್ಕೆ ಬಂದ ಬೆಂಡೆಕಾಯಿಯ ಲೋಳೆಯೇ ಸಾರನ್ನು ಮಂದವಾಗಿಸುತ್ತದೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿದು ಮಾಂಸವೂ ತರಕಾರಿಯೂ ಬೇರೆ ಬೇರೆಯೆಂದು ತಿಳಿಯದಂತಾದಾಗ ಬರ್ಗೂ ಹದಕ್ಕೆ ಬಂತೆಂದು ಅರ್ಥ. ಕುದುರೆ ಓಟಕ್ಕೂ ಈ ಸಾರಿಗೂ ಇರುವ ನಂಟು ಎಷ್ಟು ಗಾಢವೆಂದರೆ, ಬರ್ಗೂ ಬೇಯಿಸುವುದರಲ್ಲಿ ರಾಜನೆನಿಸಿದ್ದ ಜೆ. ಟಿ. ಲೂನಿ ಎಂಬವರ ಗೌರವಾರ್ಥ ಒಂದು ಕುದುರೆಗೆ ಬರ್ಗೂ ಕಿಂಗ್ ಎಂದು ಹೆಸರಿಡಲಾಯಿತು, ಅದು 1932ರ ಡರ್ಬಿಯನ್ನು ಗೆದ್ದಿತು. ಮಾಂಸ ಬಿಟ್ಟು ತರಕಾರಿಗಳಿಂದಲೇ ಮಾಡಿದ ಬರ್ಗೂ ಪರಂಪರೆಯ ಬರ್ಗೂ ಅಲ್ಲವಾದರೂ, ಹೊಗೆಯಾಡಿಸಿದ ಕೆಂಪು ಮೆಣಸಿನ ಪುಡಿ ಸೇರಿಸಿ ನಿಧಾನವಾಗಿ ಕುದಿಸಿದರೆ ತನ್ನಷ್ಟಕ್ಕೆ ಒಳ್ಳೆಯ ಅಡುಗೆಯಾಗುತ್ತದೆ.

ಈ ಮೇಜಿನ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಂದು ಚಿಕ್ಕ ಬಟ್ಟಲಿನ ಗೊಜ್ಜು. ಅದನ್ನು ಅರಿಯಲು ಮೈದಾನದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1875ರ ಮೇ 17ರಂದು ನಡೆದ ಮೊದಲ ಡರ್ಬಿಯಲ್ಲಿ ಓಡಿದ 15 ಕುದುರೆಗಳ ಪೈಕಿ 13ರ ಜಾಕಿಗಳು ಆಫ್ರಿಕನ್-ಅಮೆರಿಕನ್ನರು. ಗೆದ್ದ ಅರಿಸ್ಟೈಡಿಸ್ ಕುದುರೆಯ ಜಾಕಿ ಆಲಿವರ್ ಲೂಯಿಸ್ ಕೂಡ ಅವರಲ್ಲೊಬ್ಬರು. ಐಸಾಕ್ ಮರ್ಫಿ 1884, 1890 ಮತ್ತು 1891ರಲ್ಲಿ, ಹೀಗೆ ಮೂರು ಸಲ ಗೆದ್ದರು. ಮೊದಲ 28 ಡರ್ಬಿಗಳಲ್ಲಿ 15ನ್ನು ಕಪ್ಪು ಜಾಕಿಗಳೇ ಗೆದ್ದರು. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ ವರ್ಣಭೇದದ ಕಾನೂನು ಮತ್ತು ಹಗೆತನ ಅವರನ್ನು ಜೀನಿನಿಂದ ಇಳಿಸಿತು. 1902ರಲ್ಲಿ ಗೆದ್ದ ಜಿಮ್ಮಿ ವಿಂಕ್‌ಫೀಲ್ಡ್ ಅವರ ನಂತರ ಕಪ್ಪು ಜಾಕಿಯೊಬ್ಬರು ಡರ್ಬಿ ಗೆದ್ದಿಲ್ಲ. ಮೈದಾನದಿಂದ ದೂರ ತಳ್ಳಲ್ಪಟ್ಟ ಸಮುದಾಯದವರು ಅಡುಗೆಮನೆಯಲ್ಲಿ, ಮದ್ಯದ ಕಟ್ಟೆಯ ಹಿಂದೆ, ತಟ್ಟೆ ಹಿಡಿದ ಕೈಗಳಾಗಿ ಉಳಿದರು. ಲೂಯಿವಿಲ್‌ನ ಪೆಂಡೆನಿಸ್ ಕ್ಲಬ್ಬಿನಲ್ಲಿ ದಶಕಗಳ ಕಾಲ ಬಡಿಸುವವರ ಮುಖ್ಯಸ್ಥರಾಗಿದ್ದ ಹೆನ್ರಿ ಬೇನ್ ಅಂಥವರಲ್ಲೊಬ್ಬರು. ಬೇಟೆಯ ಮಾಂಸಕ್ಕೂ ದನದ ಮಾಂಸಕ್ಕೂ ಹಚ್ಚಿ ತಿನ್ನಲು ಅವರು ರೂಪಿಸಿದ ಗೊಜ್ಜು ಇಂದು ಅವರ ಹೆಸರಿನಲ್ಲೇ ಮಾರಾಟವಾಗುತ್ತದೆ.

ಹೆನ್ರಿ ಬೇನ್ ಗೊಜ್ಜಿನೊಳಗೆ ಏನಿದೆಯೆಂದು ನೋಡಿದರೆ ಕನ್ನಡದ ಓದುಗರಿಗೆ ಪರಿಚಿತ ವಸ್ತುಗಳೇ ಕಾಣುತ್ತವೆ. ಟೊಮೆಟೊ ಕೆಚಪ್, ಮೆಣಸಿನ ಸಾಸ್, ಉಪ್ಪಿನಕಾಯಿ ಹಾಕಿದ ವಾಲ್ನಟ್ ಇವುಗಳ ಜೊತೆಗೆ ಬ್ರಿಟಿಷರ ಕಾಲದ ಭಾರತದಿಂದ ಹೊರಟು ಲೋಕವೆಲ್ಲ ಸುತ್ತಿದ ಮೇಜರ್ ಗ್ರೇ ಎಂಬ ಹೆಸರಿನ ಮಾವಿನಕಾಯಿಯ ಸಿಹಿ ಚಟ್ನಿ, ಮತ್ತು ಹುಣಸೆಹಣ್ಣು ಬೀಳುವ ವೂಸ್ಟರ್‌ಶೈರ್ ಸಾಸ್. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ನಿಲ್ಲುವ ಅದರ ರುಚಿಗೆ ಈ ಎರಡೂ ಬಹುಮಟ್ಟಿಗೆ ಕಾರಣ. ಮನೆಯಲ್ಲಿ ಮಾಡುವವರು ಎಲ್ಲವನ್ನೂ ರುಬ್ಬಿ, ಒಂದೆರಡು ದಿನ ತಂಪುಪೆಟ್ಟಿಗೆಯಲ್ಲಿ ಬಿಟ್ಟರೆ ಹುಳಿ ಮತ್ತು ಸಿಹಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಚೀಸ್ ತುಂಡಿಗೂ ಹುರಿದ ಆಲೂಗೆಡ್ಡೆಗೂ ಅದು ಚೆನ್ನಾಗಿ ಒಗ್ಗುತ್ತದೆ.

ಆದರೆ ಅದೇ ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ ಎಂಬುದನ್ನು ಸಸ್ಯಾಹಾರಿಗಳು ತಿಳಿದಿರಬೇಕು. ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ನೆರೆಹೊರೆಯವರ ಡರ್ಬಿ ಕೂಟಗಳಿಗೆ ಹೋಗುವುದರಿಂದ ಈ ಮಾತನ್ನು ತುಸು ಬಿಡಿಸಿ ಹೇಳುವುದು ಅವಶ್ಯ. ದಕ್ಷಿಣದ ಅಡುಗೆಯಲ್ಲಿ ನೋಡಲು ಬರಿಯ ತರಕಾರಿಯಂತಿರುವ ಹುರುಳಿಕಾಯಿ ಅಥವಾ ಸೊಪ್ಪಿನ ಪಲ್ಯ ಹಂದಿಯ ಮೂಳೆಯೊಂದಿಗೆ ಬೆಂದಿರಬಹುದು. ಮೆಕ್ಕೆಜೋಳದ ರೊಟ್ಟಿಯನ್ನು ಬೇಕನ್ ಕೊಬ್ಬು ಸವರಿದ ಬಾಣಲೆಯಲ್ಲಿ ಬೇಯಿಸಿರಬಹುದು. ಬಿಸ್ಕಿಟ್ಟಿಗೂ ಕಡುಬಿನಂಥ ಪೈಯ ಹೊರಪದರಕ್ಕೂ ಬೆಣ್ಣೆಯ ಬದಲು ಹಂದಿಯ ಕೊಬ್ಬು ಹಾಕಿರಬಹುದು. ಹುಡುಕುವುದಕ್ಕಿಂತ ಆತಿಥೇಯರನ್ನು ನೇರವಾಗಿ ಕೇಳುವುದೇ ಮೇಲು, ಅವರಿಗೆ ಅದರಲ್ಲಿ ಬೇಸರವೇನೂ ಇರುವುದಿಲ್ಲ. ಬೆನೆಡಿಕ್ಟೀನ್, ಹಾಲು ಹಾಕಿ ಬೇಯಿಸಿದ ಮೆಕ್ಕೆಜೋಳದ ರವೆಗೆ ಚೀಸ್ ಕರಗಿಸಿದ ಗ್ರಿಟ್ಸ್, ಸಿಹಿಜೋಳದ ಪುಡ್ಡಿಂಗ್ ಇವು ಮಾಂಸವಿಲ್ಲದೆಯೂ ಅಲ್ಲಿನವರ ಮನೆಯಡುಗೆಯೇ ಆಗಿರುವುದರಿಂದ, ಕೂಟ ನಡೆಸುವವರು ಇವನ್ನು ಹೆಚ್ಚಾಗಿ ಮಾಡಿದರೆ ಯಾರಿಗೂ ಬೇರೆ ಅಡುಗೆ ಮಾಡಿದಂತಾಗುವುದಿಲ್ಲ.

ಸಿಹಿಯಲ್ಲಿ ಎರಡೇ ಹೆಸರು ಮುಖ್ಯ. ಚಾಕೊಲೇಟ್ ಮತ್ತು ವಾಲ್ನಟ್ ತುಂಬಿದ ಡರ್ಬಿ ಪೈ 1950ರ ದಶಕದಲ್ಲಿ ಲೂಯಿವಿಲ್‌ನ ಹತ್ತಿರದ ಪ್ರಾಸ್ಪೆಕ್ಟ್ ಎಂಬ ಊರಿನ ಹೋಟೆಲೊಂದರಲ್ಲಿ ಕರ್ನ್ ಕುಟುಂಬ ಮಾಡಿದ್ದು. 1968ರಲ್ಲಿ ಆ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾದ ಕಾರಣ ಬೇರೆ ಬೇಕರಿಗಳು ಅದೇ ಬಗೆಯ ಪೈಯನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಎರಡನೆಯದು ರಾಜಧಾನಿ ಫ್ರಾಂಕ್‌ಫರ್ಟ್‌ನ ಮಿಠಾಯಿಗಾರ್ತಿ ರೂತ್ ಬೂ 1930ರ ದಶಕದಲ್ಲಿ ರೂಪಿಸಿದ ಬರ್ಬನ್ ಉಂಡೆ. ಬರ್ಬನ್ ಬೆರೆಸಿದ ಸಕ್ಕರೆಯ ಮೆತ್ತನೆಯ ಹೂರಣವನ್ನು ಕಪ್ಪು ಚಾಕೊಲೇಟಿನಲ್ಲಿ ಅದ್ದಿ, ಮೇಲೊಂದು ಪೆಕಾನ್ ಬೀಜ ಕೂರಿಸುತ್ತಾರೆ. ಇದನ್ನು ಒಲೆಯ ಮೇಲೆ ಕಾಯಿಸದೆ ಮಾಡುವುದರಿಂದ ಮದ್ಯಸಾರ ಹಾರಿಹೋಗದೆ ಉಳಿದಿರುತ್ತದೆ. ಮಕ್ಕಳ ಕೈಗೆ ಸಿಗದಂತೆ ಬೇರೆ ತಟ್ಟೆಯಲ್ಲಿಡಬೇಕು.

ಎಲ್ಲವನ್ನೂ ಯಾವ ಹೊತ್ತಿಗೆ ಹೊರತರಬೇಕೆಂಬುದನ್ನು ಓಟದ ಸಮಯ ನೋಡಿ ಯೋಜಿಸಬೇಕು. ಲೂಯಿವಿಲ್‌ನಲ್ಲಿ ಸಂಜೆ ಏಳಕ್ಕೆ ಕೆಲವೇ ನಿಮಿಷ ಮುಂಚೆ ಓಟ ಆರಂಭವಾಗುತ್ತದೆ; ಕ್ಯಾಲಿಫೋರ್ನಿಯಾದಲ್ಲಿ ಅದು ಸಂಜೆ ನಾಲ್ಕು, ಕರ್ನಾಟಕದಲ್ಲಿ ಭಾನುವಾರ ನಸುಕಿನ ನಾಲ್ಕೂವರೆ. ಕುದುರೆಗಳು ಸಾಲಾಗಿ ಮೈದಾನಕ್ಕೆ ಬರುವಾಗ ರಾಜ್ಯಗೀತೆ ನುಡಿಸುತ್ತಾರೆ, ನೆರೆದವರೆಲ್ಲ ಎದ್ದು ನಿಂತು ಹಾಡುತ್ತಾರೆ. ಅದಕ್ಕೆ ಇಪ್ಪತ್ತು ನಿಮಿಷ ಮುಂಚೆ ಎಲ್ಲರ ಕೈಗೂ ಹೊಸ ಲೋಟ ಬಂದು, ಬಡಿಸುವವರೂ ಟಿವಿಯ ಮುಂದೆ ನಿಂತಿರಬೇಕು; ಒಲೆಯ ಮುಂದೆ ಉಳಿದ ಒಬ್ಬರೇ ಓಟ ತಪ್ಪಿಸಿಕೊಳ್ಳುವಂತೆ ಆಗಬಾರದು. ಬಿಸಿ ಊಟವನ್ನು ಓಟದ ನಂತರಕ್ಕೆ ಇಟ್ಟುಕೊಳ್ಳುವುದೇ ಸರಿ ಎನ್ನಲು ಲೂಯಿವಿಲ್‌ನಲ್ಲಿ ಒಳ್ಳೆಯ ಆಧಾರವೂ ಇದೆ. ಅಲ್ಲಿನ ಬ್ರೌನ್ ಹೋಟೆಲಿನಲ್ಲಿ 1926ರಲ್ಲಿ ಫ್ರೆಡ್ ಷ್ಮಿಟ್ ಎಂಬ ಬಾಣಸಿಗರು ತಡರಾತ್ರಿಯವರೆಗೆ ನೃತ್ಯ ಮಾಡಿ ಹಸಿದು ಬರುವ ಅತಿಥಿಗಳಿಗಾಗಿ ಹಾಟ್ ಬ್ರೌನ್ ಎಂಬ ತೆರೆದ ಸ್ಯಾಂಡ್‌ವಿಚ್ಚನ್ನು ಮಾಡಿದರು: ದಪ್ಪ ಬ್ರೆಡ್, ಅದರ ಮೇಲೆ ಟರ್ಕಿ ಕೋಳಿಯ ಮಾಂಸ, ಟೊಮೆಟೊ, ಅದೆಲ್ಲ ಮುಳುಗುವಷ್ಟು ಚೀಸ್ ಬೆರೆಸಿದ ಬಿಳಿ ಸಾಸ್, ಮೇಲೆ ಬೇಕನ್. ಸಾಸನ್ನು ಮಧ್ಯಾಹ್ನವೇ ಮಾಡಿಟ್ಟು, ಬ್ರೆಡ್ ಜೋಡಿಸಿ, ಗೆದ್ದ ಕುದುರೆಯ ಕೊರಳಿಗೆ ಗುಲಾಬಿಯ ಹಾರ ಬಿದ್ದ ಮೇಲೆ ಓವನ್ನಿನ ಮೇಲುರಿಗೆ ಇಟ್ಟರೆ ಸಾಸಿನ ಮೇಲೆ ಕಂದು ಚುಕ್ಕೆ ಮೂಡಲು ಐದಾರು ನಿಮಿಷ ಸಾಕು. ಟರ್ಕಿಯ ಬದಲು ಹುರಿದ ಅಣಬೆ ಹಾಕಿ, ಬೇಕನ್ ಬಿಟ್ಟ ತಟ್ಟೆಯೊಂದನ್ನೂ ಅದೇ ಹೊತ್ತಿಗೆ ಒಳಗಿಡಬಹುದು.